ಅಂಗಳ, ಜಗಲಿ, ಒಳಮನೆ

ಕೋಡಿಂಬಾಳದ ನನ್ನ ತವರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಎರಡೇ ಕಡೆ. ಒಂದು ಬಚ್ಚಲಿನ ಹಿಂದಿನ ಹಲಸಿನ ಮರದ ಬುಡ, ಇನ್ನೊಂದು ಜಗಲಿಯ ತೆಂಕು ಮೂಲೆ. ಆ ಮೂಲೆ ನನ್ನ ಅಣ್ಣನ ಮಗಳದು. ಮನೆಯವರಿಗೆಲ್ಲ ಅವಳು ಪುಟ್ಟಿ. ವಯಸ್ಸು 24 ಆಯಿತು; ಬುದ್ಧಿ ಮಾತ್ರ ವಯಸ್ಸಿನ ಹಿಂದೆ ನಿಧಾನವಾಗಿ ನಡೆದು ಬರುತ್ತಿದೆ. ಅಕ್ಷರ ಕೂಡಿಸಿ ಓದುತ್ತಾಳೆ, ಲೆಕ್ಕ ತಲೆಗೆ ಹತ್ತದು. ಆದರೆ ಮಲ್ಲಿಗೆ ಕಟ್ಟಲು ಕೂತರೆ ಅವಳ ಕೈಯ ವೇಗ ನಮಗೆ ಯಾರಿಗೂ ಇಲ್ಲ. ವಾಟ್ಸಾಪಿನಲ್ಲಿ ಬರೆಯಬೇಕಿಲ್ಲ, ಮಾತಾಡಿ ಕಳುಹಿಸಿದರೆ ಸಾಕು ಎಂದು ತಿಳಿದ ದಿನ ಅವಳಿಗೊಂದು ಹೊಸ ಬಾಗಿಲೇ ತೆರೆಯಿತು.

ಕಳೆದ ಮಳೆಗಾಲದಲ್ಲಿ ಪುತ್ತೂರಿನಿಂದ ಹೋದಾಗ ಆ ಮೂಲೆ ಖಾಲಿಯಿತ್ತು. ಮೊಬೈಲು ಅತ್ತಿಗೆಯ ಅಕ್ಕಿ ಡಬ್ಬಿಯೊಳಗಿತ್ತು.

"ಫೇಸ್‌ಬುಕ್ಕಿನಲ್ಲಿ ಯಾರೋ ಒಬ್ಬ ಪರಿಚಯವಾದನಂತೆ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸ್ತಿದ್ದ. ಮತ್ತೆ ಇವಳ ಫೋಟೋ ಕೇಳಿದ. ಮೊನ್ನೆ, ಮನೆಯಲ್ಲಿ ಹೇಳಬೇಡ, ರೈಲ್ವೇ ಸ್ಟೇಷನ್ನಿಗೆ ಬಾ ಅಂದಿದ್ದಾನೆ. ಯಾವ ಚೂಡಿದಾರ ಹಾಕಲಿ ಅಂತ ಇವಳು ನನ್ನ ಹತ್ರವೇ ಕೇಳಿದ್ದರಿಂದ ಬದುಕಿದೆವು" ಎಂದು ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಂಥವರಿಗೆ ಮೊಬೈಲ್ ಎಂತಕ್ಕೆ?" ಎಂದ ಅಣ್ಣ. ನಿಜ ಹೇಳಬೇಕೆಂದರೆ, ನನಗೂ ಅದೇ ಸರಿ ಎನಿಸಿತು.

ರಾತ್ರಿ ಪುಟ್ಟಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಬೆನ್ನು ಸವರಿದೆ. "ಅವ ನನ್ನ ಹತ್ರ ಊಟ ಆಯ್ತಾ ಅಂತ ಕೇಳ್ತಿದ್ದ, ಅತ್ತೆ. ಬೇರೆ ಯಾರೂ ಕೇಳುವುದಿಲ್ಲ" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಅಂಗಳಕ್ಕೆ ಕಾಲಿಟ್ಟವರನ್ನೆಲ್ಲ ಊಟ ಆಯ್ತಾ ಎಂದು ಕೇಳುವ ಮನೆ ನಮ್ಮದು. ಹೊತ್ತು ಹೊತ್ತಿಗೆ ಬಡಿಸುತ್ತೇವಲ್ಲ, ಇವಳನ್ನು ಕೇಳುವುದೇನು ಎಂದುಕೊಂಡಿದ್ದೆವು. ನಾವು ಕೇಳದೆ ಬಿಟ್ಟದ್ದನ್ನು ಎಲ್ಲಿಯವನೋ ಕೇಳಿದ.

ಇದು ನಮ್ಮೊಂದು ಮನೆಯ ಕಥೆಯಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಸೀಮೆ ಇದು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಕೊಕ್ಕಡ, ಕೊಯ್ಲಗಳಲ್ಲಿ ಪಾಲನಾ ಕೇಂದ್ರಗಳಾದವು. ಅಂದಿನ ಮಕ್ಕಳು ಇಂದು ಪ್ರಾಯಕ್ಕೆ ಬಂದಿದ್ದಾರೆ, ಅವರಲ್ಲೂ ಕೆಲವರ ಕೈಗೆ ಮೊಬೈಲ್ ಬಂದಿದೆ. ಅವರಿಗೂ ಇತರರಂತೆಯೇ ಬದುಕುವ ಹಕ್ಕಿದೆ, ಶೋಷಣೆಯಿಂದ ರಕ್ಷಣೆಯೂ ಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವ ಕೆಲಸ ಕೊನೆಗೆ ಬಂದು ಸೇರುವುದು ಅಡುಗೆಮನೆಗೇ.

ಮರುದಿನ ಕೇಳಿದೆ: "ಪುಟ್ಟೀ, ಗುರುತಿಲ್ಲದವರು ಬಂದರೆ ಎಲ್ಲಿ ನಿಲ್ಲುತ್ತಾರೆ?"

"ಅಂಗಳದಲ್ಲಿ."

"ಅಡಿಕೆ ವ್ಯಾಪಾರಿ?"

"ಜಗಲಿಯಲ್ಲಿ ಕೂರ್ತಾರೆ."

"ಒಳಮನೆಗೆ?"

"ನಾವು ಮಾತ್ರ!"

ಮೊಬೈಲಿಗೂ ಅದೇ ಮನೆ ಕಟ್ಟಿದೆವು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಮೂರು ಅಂಕಣ ಎಳೆದು ಅವಳ ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಹಂಚಿದೆವು. ಅಂಗಳದವರು, ಜಗಲಿಯವರು ಫೋಟೋ ಕೇಳಿದರೆ, ದುಡ್ಡು ಕೇಳಿದರೆ, ಹೊರಗೆ ಬಾ ಎಂದರೆ ಮೊಬೈಲನ್ನು ಹಾಗೆಯೇ ಅಮ್ಮನಿಗೆ ತಂದು ತೋರಿಸಬೇಕು. "ಮನೆಯಲ್ಲಿ ಹೇಳಬೇಡ" ಎಂದವರು ಒಳಮನೆಯವರೇ ಆಗಿರಲಿ, ಅದನ್ನು ಮೊದಲು ಹೇಳಬೇಕು. ಕೇಡು ಬಗೆಯುವವರು ಅಂಗಳದಲ್ಲೇ ನಿಂತಿರುತ್ತಾರೆಂದು ಯಾರು ಹೇಳಿದರು?

ಅತ್ತಿಗೆಗೂ ಒಂದು ನಿಯಮ ಇತ್ತು: ತಂದು ತೋರಿಸಿದರೆ ಬೈಯಬಾರದು, ಮೊಬೈಲು ಕಸಿದುಕೊಳ್ಳಬಾರದು. ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

ಆ ಮನುಷ್ಯನ ಮಾತುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಅವನನ್ನು ಬ್ಲಾಕ್ ಮಾಡಿದೆವು. ಅಣ್ಣ ಅದನ್ನು ಠಾಣೆಗೆ ಕೊಟ್ಟು ಬಂದ. ಫೇಸ್‌ಬುಕ್ಕಿನ ಪ್ರೊಫೈಲಿಗೆ ಬೀಗ ಹಾಕಿದೆವು. ವಾಟ್ಸಾಪಿನಲ್ಲಿ ಪರಿಚಿತರು ಮಾತ್ರ ಗುಂಪಿಗೆ ಸೇರಿಸುವಂತೆ, ಅಪರಿಚಿತರ ಕರೆ ಸದ್ದು ಮಾಡದಂತೆ ಮಾಡಿದೆವು. ಮೊಬೈಲಿನಲ್ಲಿ ದುಡ್ಡು ಮೋಸವಾದರೆ ತಡಮಾಡದೆ ತಿಳಿಸಲು 1930 ಎಂಬ ಸಂಖ್ಯೆಯನ್ನು ಗೋಡೆಗೆ ಅಂಟಿಸಿದೆವು.

ಒಂದು ಸಲ ಹೇಳಿದರೆ ಪುಟ್ಟಿಗೆ ನಿಲ್ಲದು. ದೀಪ ಹಚ್ಚಿದ ಮೇಲೆ ದಿನವೂ ನಾಟಕ ಆಡಿದೆವು. ಒಳಗಿನಿಂದ ನಾನು ಬೇರೊಂದು ನಂಬರಿನಲ್ಲಿ "ಚಿನ್ನಾ, ನಿನ್ನ ಫೋಟೋ ಕಳಿಸು" ಎನ್ನುವುದು. ಮೂರು ದಿನ ಚಂದದ ಫೋಟೋ ತಕ್ಷಣ ಬಂತು! ನಾಲ್ಕನೆಯ ದಿನ ಏನೂ ಬರಲಿಲ್ಲ. ಐದನೆಯ ದಿನ ಅವಳೇ ಮೊಬೈಲು ಹಿಡಿದು ಅಡುಗೆಮನೆಗೆ ಬಂದಳು. "ಅಮ್ಮಾ, ಅಂಗಳದಲ್ಲಿ ಒಬ್ಬ ಉಂಟು." ಅತ್ತಿಗೆ ಬೈಯಲಿಲ್ಲ. ಒಂದು ಹೋಳಿಗೆ ಕೊಟ್ಟರು.

ದೀಪಾವಳಿಗೆ ಮತ್ತೆ ಹೋಗಿದ್ದೆ. ಪುಟ್ಟಿ ಹೂ ಕಟ್ಟುತ್ತಿದ್ದ ಚಂದಕ್ಕೆ ಮರುಳಾಗಿ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಜಗಲಿಯಿಂದ ಅವಳ ಧ್ವನಿಯೇ ನನ್ನ ಮೊಬೈಲಿಗೆ ಬಂತು. "ಅತ್ತೆ, ನನ್ನ ಫೋಟೋ ಹಾಕುವಾಗ ನನ್ನ ಹತ್ರ ಕೇಳಿದ್ರಾ? ಆ ಗ್ರೂಪಿನಲ್ಲಿ ಅಂಗಳದವರೂ ಇದ್ದಾರಲ್ಲ?"

ಗ್ರೂಪು ತೆರೆದು ನೋಡಿದೆ. ನೂರ ಎಂಬತ್ತು ಜನ. ಅರ್ಧದಷ್ಟು ಮಂದಿಯ ಗುರುತು ನನಗೇ ಇಲ್ಲ.

ಫೋಟೋ ಅಳಿಸಿದೆ. ಆಮೇಲೆ ಎದ್ದು ಜಗಲಿಗೆ ಹೋಗಿ ಕೇಳಿದೆ, "ಪುಟ್ಟೀ, ಊಟ ಆಯ್ತಾ?"