ತಿಜೋರಿಗೆ ಯಾವ ಸೆಲ್ಲು?

ಮದ್ದೂರಲ್ಲಿ ನಾದಿನಿ ಮಗಳ ಮದ್ವೆ, ಮಳವಳ್ಳಿಯಿಂದ ಬೆಳಗ್ಗೆ ಆರಕ್ಕೇ ಹೊರಡಬೇಕು. ಒಡವೆ ತೆಗಿಯಾನ ಅಂತ ನಂಬರ್ ಒತ್ತುದ್ರೆ ತಿಜೋರಿ ಕುಯ್ ಅಂದು ಸುಮ್ಕಾಗೋಯ್ತು. ವಾರದಿಂದ ಕೆಂಪು ದೀಪ ಮಿಣಕ್ತಿತ್ತು, ನಾನೇ ಅಸಡ್ಡೆ ಮಾಡಿದ್ದೆ ಕಣ್ರವ್ವ. ಗಡಿಯಾರಕ್ಕೆ ತಂದಿದ್ದ ಅಗ್ಗದ ಸೆಲ್ಲನ್ನೇ ಹಾಕಿದ್ದೆ. ನಮ್ದರಲ್ಲಿ ಸೆಲ್ಲು ಹಾಕೋ ಜಾಗ ಇರೋದು ಬಾಗಿಲ ಒಳಗಡೆ! ಪುಣ್ಯಕ್ಕೆ ಅತ್ತೆ ಬೀಗದ ಕೈನ ರಾಗಿ ಡ್ರಮ್ಮಲ್ಲಿ ಮಡಗಿದ್ರು. ತಿಜೋರಿ ಒಳಗೇ ಮಡಗಾನ ಅಂತ ಅವರ ಜೊತೆ ಜಗಳ ಆಡಿದ್ದೋಳು ನಾನು.

ನಮ್ದಕ್ಕೆ ಡಬಲ್ ಎ ಸೆಲ್ಲು ನಾಲ್ಕು ಬೇಕು. ‘ಆಲ್ಕಲೈನ್’ ಅಂತ ಬರೆದಿರೋದೇ ಕೇಳಿ ತಗೊಳ್ಳಿ. ಅದು 1.5 ವೋಲ್ಟು, ಚಾರ್ಜ್ ಮಾಡೋವು ಸಾಮಾನ್ಯವಾಗಿ 1.2, ಬೇಗ ಕೆಂಪು ದೀಪ ತೋರಿಸ್ಬುಡ್ತವೆ. ನಾಲ್ಕನ್ನೂ ಒಟ್ಗೇ ಬದಲಾಯಿಸಿ, ಹಳೇದು ಹೊಸದು ಬೆರೆಸಬೇಡಿ. ಹಾಕಿದ ದಿನವ ಕ್ಯಾಲೆಂಡರ್ ಮೇಲೆ ಬರ್ದಿವ್ನಿ.

ಬೀಗದ ಕೈ ಈಗ್ಲೂ ಅತ್ತೆ ತಾವೇ. ರಾಗಿ ಡ್ರಮ್ಮಲ್ಲಂತೂ ಇಲ್ಲ, ಹುಡುಕಕ್ಕೆ ಬರಬೇಡಿ.