ನಾಣ್ಯದ ಊರು

ಹಳೆಯ ನಾಣ್ಯಗಳ ಸಂಗ್ರಹವು ನನ್ನ ಬಹುಕಾಲದ ಹವ್ಯಾಸ. ಹೊಸಪೇಟೆಯಿಂದ ರಾತ್ರಿಯ ರೈಲಿನಲ್ಲಿ ಹೊರಟು, ಬೆಂಗಳೂರಿನಲ್ಲಿ ಜರುಗಿದ ದೊಡ್ಡ ನಾಣ್ಯ ಸಮ್ಮೇಳನವೊಂದಕ್ಕೆ ಹೋಗಿ ಬಂದೆನು. ಅಲ್ಲಿ ಮನಸ್ಸಿಗೆ ನಾಟಿದುದನ್ನು ಪ್ರಿಯ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಸಾಲು ಮೇಜುಗಳ ಮೇಲೆ ನಮ್ಮ ಸೀಮೆಯ ಚರಿತ್ರೆಯೇ ಹರಡಿತ್ತು. ಎರಡನೆಯ ಹರಿಹರನ ನಾಣ್ಯದಲ್ಲಿ ಉಮಾಮಹೇಶ್ವರ, ಕೃಷ್ಣದೇವರಾಯನದರಲ್ಲಿ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. ಮೂರೂವರೆ ಗ್ರಾಮಿಗೆ ತುಸು ಕಡಿಮೆ ತೂಗುವ ಹೊನ್ನಿನ ವರಹ, ಅದರ ಅರ್ಧವಾದ ಪ್ರತಾಪ; ೧೪೪೩ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುಲ್ ರಜಾಕನು ಇವೆರಡನ್ನೂ ಹೆಸರಿಸಿದ್ದಾನೆ.

ಒಂದು ವರಹವನ್ನು ತೋರಿಸಿ, "ಇದು ದೊರೆತದ್ದು ಎಲ್ಲಿ?" ಎಂದು ವ್ಯಾಪಾರಿಯನ್ನು ಕೇಳಿದೆನು. "ಹಂಪಿ ಕಡೆಯದು, ಸ್ವಾಮಿ" ಎಂದಷ್ಟೇ ಉತ್ತರ ಬಂದಿತು. ಬೆಲೆಯನ್ನು ಮಾತ್ರ ಅವರು ಖಚಿತವಾಗಿ ಹೇಳಿದರು.

ತಾವೇ ಯೋಚಿಸಿರಿ. ಕಂಪ್ಲಿಯ ಹೊಳೆದಂಡೆಯ ಗದ್ದೆಯಲ್ಲಿ ದೊರೆತ ನಾಣ್ಯಕ್ಕೂ ಸಂಡೂರಿನ ಕಣಿವೆಯಲ್ಲಿ ದೊರೆತುದಕ್ಕೂ ಅಚ್ಚು ಒಂದೇ ಇರಬಹುದು. ಅವು ನುಡಿಯುವ ಸಾಕ್ಷ್ಯ ಒಂದೇ ಅಲ್ಲ. ಒಂದೇ ಗಡಿಗೆಯಲ್ಲಿ ಯಾವ ಯಾವ ಅರಸರ ನಾಣ್ಯಗಳು ಕೂಡಿದ್ದವೆಂಬುದರಿಂದ ಅದನ್ನು ಹೂಳಿದ ಕಾಲವನ್ನು ಊಹಿಸಬಹುದು; ದೊರೆತ ನೆಲದಿಂದ ಹಣ ನಡೆದ ದಾರಿಯನ್ನು ಅರಿಯಬಹುದು. ಗಡಿಗೆಯ ನಾಣ್ಯಗಳು ಹತ್ತು ಕೈಗಳಿಗೆ ಹಂಚಿಹೋದೊಡನೆ ಈ ಅರಿವು ಅಳಿಯುತ್ತದೆ. ನಿಧಿ ಸಿಕ್ಕವರು ಸಿಕ್ಕ ಸ್ಥಳವನ್ನೂ ದಿನವನ್ನೂ ಬರೆದು ತಿಳಿಸಬೇಕೆಂದು ೧೮೭೮ರ ಕಾಯಿದೆಯೇ ವಿಧಿಸಿತ್ತು.

ಆದುದರಿಂದ ಬಂಧುಗಳೇ, ನೇಗಿಲ ಮೊನೆಗೆ ನಾಣ್ಯ ತಾಗಿದರೆ ಉಜ್ಜಿ ತೊಳೆಯದಿರಿ, ಅಕ್ಕಸಾಲಿಗರಲ್ಲಿಗೆ ಒಯ್ಯದಿರಿ. ಹೊಲದ ಸರ್ವೆ ನಂಬರನ್ನು ಬರೆದು ಜಿಲ್ಲಾಧಿಕಾರಿಗಳಿಗೆ ತಿಳಿಸಿರಿ. ಕೊಳ್ಳುವ ನನ್ನಂಥವರು ಬೆಲೆಗಿಂತ ಮೊದಲು ಊರನ್ನು ಕೇಳಬೇಕು. ಊರು ತಿಳಿಯದ ನಾಣ್ಯವನ್ನು ಕೊಳ್ಳದಿರುವುದು ಈಗ ನನ್ನ ನಿಯಮ. ನೆಲವು ನಮಗೆ ಒಪ್ಪಿಸಿದ ಸಾಕ್ಷ್ಯವನ್ನು ಮಕ್ಕಳ ಕೈಗೆ ಕೆಡದಂತೆ ದಾಟಿಸುವುದೂ ಒಂದು ಋಣವೇ ಅಲ್ಲವೇ?