ತಳದ ಲೆಕ್ಕ

ಜುಲೈ, ಬೆಳಗಿನ ಎಂಟು ಗಂಟೆ. ಹೊನ್ನಾಳಿ ಸೇತುವೆಯ ಕಟಾಂಜನಕ್ಕೆ ಕೈಯಿಟ್ಟರೆ ಸಣ್ಣಗೆ ನಡುಗುತ್ತಿದೆ. ಕೂಡಲಿಯಲ್ಲಿ ಒಂದಾಗಿ ಬಂದ ತುಂಗಭದ್ರೆ ಕೆಂಪಗೆ, ದಡ ತುಂಬಿ ಹರಿಯುತ್ತಿದ್ದಾಳೆ. ತೇಲುವುದೆಲ್ಲ ಕಣ್ಣಿಗೆ ಬೀಳುತ್ತಿದೆ: ಬಿದಿರ ಬುಡ, ತೆಂಗಿನ ಗರಿ, ಯಾರದೋ ಪ್ಲಾಸ್ಟಿಕ್ ಕೊಡ. ನಮಗೆ ಬೇಕಾದದ್ದು ತಳದಲ್ಲಿದೆ.

ವಿಂಚಿನಿಂದ ತಂತಿ ಇಳಿಯುತ್ತದೆ. ತುದಿಯಲ್ಲಿ ತಳದಲ್ಲಿ ಉರುಳುವ ಮರಳನ್ನು ಹಿಡಿಯುವ ಹೆಲಿ–ಸ್ಮಿತ್ ಸ್ಯಾಂಪ್ಲರ್, 1971ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. 7.6 ಸೆಂ.ಮೀ. ಚೌಕದ ಬಾಯಿ, ಹಿಂದೆ ಜಾಳಿಗೆ ಚೀಲ, ಪ್ರವಾಹಕ್ಕೆ ಮುಖಮಾಡಿ ನಿಲ್ಲಿಸುವ ಬಾಲ. ಬಾಲವೇ ಮೊದಲು ನೆಲ ಮುಟ್ಟಬೇಕು. ಮೂತಿ ತಾಗಿತೋ, ಮರಳನ್ನು ಬಾಚಿಕೊಂಡು ಸುಳ್ಳು ಹೇಳುತ್ತದೆ.

“ತಳ ಸಿಕ್ತು ಸಾರ್,” ಎನ್ನುತ್ತಾರೆ ವಯಸ್ಸಾದ ಖಲಾಸಿ. ತಂತಿ ಸಡಿಲ. ಎಳೆಯ ಇಂಜಿನಿಯರ್ ಸ್ಟಾಪ್‌ವಾಚ್ ಒತ್ತುತ್ತಾನೆ. ಅರವತ್ತು ಸೆಕೆಂಡು.

“ಅಣ್ಣಾ, ಮರ ಬರ್ತಿದೆ, ಎತ್ರಿ ಎತ್ರಿ!”

“ಇನ್ನೂ ಹದಿನೈದು ಸೆಕೆಂಡ್ ಇದೆಯಲ್ಲ ಸಾರ್.”

“ಸ್ಯಾಂಪ್ಲರ್ ಕೊಚ್ಚಿಕೊಂಡು ಹೋದ್ರೆ ಯಾರು ಕೊಡ್ತಾರೆ?”

ಬೇರುಸಮೇತ ಬಂದ ಮರ ಕಂಬಕ್ಕೆ ಗುದ್ದಿ, ಮಗ್ಗುಲಾಗಿ, ಮುಂದೆ ಹೋಯಿತು. ಆ ಸಲದ್ದು ಲೆಕ್ಕಕ್ಕಿಲ್ಲ.

ಎರಡನೇ ಸಲ ಚೀಲ ಭಾರವಾಗಿದೆ. ತಟ್ಟೆಗೆ ಮಗುಚಿದರೆ ದಪ್ಪ ಮರಳು, ಹುರುಳಿ ಗಾತ್ರದ ಹರಳು, ಒಂದು ಶಂಖದ ಹುಳದ ಚಿಪ್ಪು, ಅಂಚು ಸವೆದು ಬಿಸ್ಕತ್ತಿನಂತಾದ ಹೆಂಚಿನ ಚೂರು. ಮೂರನೇ ಸಲ, ಅದೇ ಜಾಗ, ನೀರೂ ಅಷ್ಟೇ. ಸಿಕ್ಕಿದ್ದು ಒಂದು ಚಿಟಿಕೆ! ಹುಡುಗ ಚೀಲ ತೂತಾಗಿದೆಯೇ ಎಂದು ತಿರುಗಿಸಿ ನೋಡುತ್ತಾನೆ. ತೂತಾಗಿಲ್ಲ. ನೀರಿನಡಿ ಮರಳು ದಿಣ್ಣೆ ದಿಣ್ಣೆಯಾಗಿ ಸರಿಯುತ್ತದೆ. ಮೊದಲು ದಿಣ್ಣೆಯ ನೆತ್ತಿ ಸಿಕ್ಕಿತ್ತು, ಈಗ ಅದರ ಬೆನ್ನ ಹಿಂದಿನ ತಗ್ಗು. ಅದಕ್ಕೇ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಇಳಿಸುವುದು.

ನದಿಯ ಕೆಳಗೆ, ಈ ಮರಳು ಹೋಗಿ ಸೇರುವ ಹೊಸಪೇಟೆಯ ಜಲಾಶಯ 1953ರಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ನೀರಲ್ಲಿ ಬೆರೆತು ಬರುವ ನಯ ಮಣ್ಣನ್ನು ಬಾಟಲಿಯಲ್ಲಿ ಹಿಡಿದು, ಸೋಸಿ, ತೂಗಬಹುದು. ಉರುಳುವ ಮರಳಿನ ಪಾಲನ್ನು ಮಾತ್ರ ಎಷ್ಟೋ ಕಡೆ ಅಳೆಯುವುದೇ ಇಲ್ಲ. ಆ ನಯ ಮಣ್ಣಿನ ಶೇಕಡಾ ಇಷ್ಟು ಅಂತ ಅಂದಾಜಿಗೆ ಬರೆದುಬಿಡುತ್ತಾರೆ. ನನಗಂತೂ ಇದು ಅಡುಗೆಮನೆ ಖರ್ಚು ನೋಡಿ ಮನೆ ಬಾಡಿಗೆ ಊಹಿಸಿದ ಹಾಗೆ ಕಾಣುತ್ತದೆ.

ತಟ್ಟೆಯ ಮರಳು ಕವರಿಗೆ ಹೋಯಿತು. ಒಣಗಿಸಿ ತೂಗುವುದು ಸಂಜೆಗೆ. ಕಟಾಂಜನದ ಮೇಲೆ ಮುಂದಿನ ಬಿಳಿ ಬಣ್ಣದ ಗುರುತು: 7. ಇನ್ನೂ ಹದಿಮೂರಿವೆ. ಖಲಾಸಿ ಬೀಡಿ ಹೊಸಕಿ, ವಿಂಚಿನ ಗಾಡಿಯನ್ನು ಅಲ್ಲಿಗೆ ತಳ್ಳುತ್ತಾರೆ.

“ಇಳಿಸ್ಲಾ ಸಾರ್?”